ಇಎಸ್‌ಎಕ್ಸ್‌ಐನಿಂದ ಪ್ರಾಕ್ಸ್‌ಮಾಕ್ಸ್‌ಗೆ ತಂದ ಮೂರು ವಿಎಂ, ಮೂರೂ ಬೂಟ್ ಆಗವಲ್ವು

ಅಮರಗೋಳ_ಅಡ್ಮಿನ್, ಹುಬ್ಬಳ್ಳಿ

ನಮಸ್ಕಾರ್ರಿ. ಅಮರಗೋಳ ಎಪಿಎಂಸಿಯೊಳಗ ಒಂದು ದಲಾಲಿ ಅಂಗಡಿ ಸರ್ವರ್ ಬದಲಿ ಮಾಡಾಕತ್ತೀನಿ. ಹಳೇದರ ಮ್ಯಾಲ ವಿಎಂವೇರಿನ ಇಎಸ್‌ಎಕ್ಸ್‌ಐ 6.7 ಐತಿ, ಹೊಸಾದಕ್ಕ ಪ್ರಾಕ್ಸ್‌ಮಾಕ್ಸ್ 8.2 ಹಾಕೀನಿ, ಸ್ಟೋರೇಜ್ ಲೋಕಲ್-ಎಲ್‌ವಿಎಂ. ಎರಡೂ ಒಂದೇ ಸರ್ವರಿನ್ಯಾಗ ಹಲವು ವಿಎಂ (ವರ್ಚುಅಲ್ ಮಷಿನ್) ಓಡಸೋ ಸಾಫ್ಟ್‌ವೇರ್. ವಿಎಂ ಮೂರು:

105: ವಿಂಡೋಸ್ ಸರ್ವರ್ 2016, 120 ಜಿಬಿ. ಟ್ಯಾಲಿ ಇದರಾಗ ಐತಿ.
106: ಸೆಂಟ್‌ಓಎಸ್ 7, 80 ಜಿಬಿ. ಫೈಲ್ ಶೇರ್, ಮರಿಯಾಡಿಬಿ.
107: ಡೆಬಿಯನ್ 12, 20 ಜಿಬಿ. ತೂಕದ ಕಾಟಾದ ಸಾಫ್ಟ್‌ವೇರ್ ಕೊಟ್ಟವರು ಓವಿಎ (ಪೂರಾ ವಿಎಂ ಕಟ್ಟಿಟ್ಟ ಒಂದೇ ಫೈಲ್) ಮಾಡಿ ಕಳಿಸಿದ್ದು.

ಮೊದಲಿನ ಎರಡಕ್ಕ ವಿಎಂ ಬಂದ್ ಮಾಡಿ, ಎಸ್‌ಸಿಪಿಯಿಂದ ವಿಎಂಡಿಕೆ (ಡಿಸ್ಕಿನ ವಿವರ ಇರೋ ಸಣ್ಣ ಫೈಲ್) ಮತ್ತ ಫ್ಲ್ಯಾಟ್ ಫೈಲ್ (ಖರೇ ಡೇಟಾ) ಎರಡೂ ತಂದೆ. ಕ್ಯೂಎಮು-ಐಎಂಜಿಯಿಂದ ಕ್ಯೂಕೌ2 ಅನ್ನೋ ಡಿಸ್ಕ್ ಫಾರ್ಮ್ಯಾಟಿಗೆ ತಿರುಗಿಸಿ, ‘ಕ್ಯೂಎಂ ಇಂಪೋರ್ಟ್‌ಡಿಸ್ಕ್’ ಕೊಟ್ಟೆ. ಡಿಸ್ಕ್ ಜೋಡಿಸಿದ್ದು ಸ್ಕಸಿ 0 ಅಂತ, ಕಂಟ್ರೋಲರ್ ವರ್ಟ್‌ಐಓ ಸ್ಕಸಿ ಸಿಂಗಲ್ (ವರ್ಟ್‌ಐಓ ಅಂದ್ರ ವಿಎಂಗಾಗೇ ಮಾಡಿದ ಕಂಟ್ರೋಲರ್). ಈಗಿನ ಪರಿಸ್ಥಿತಿ ಹಿಂಗೈತಿ:

105: ವಿಂಡೋಸ್ ಲೋಗೋ ಬರತೈತಿ, ಚುಕ್ಕಿ ನಾಕು ಸುತ್ತು ತಿರಗತಾವ, ಆಮ್ಯಾಲ ನೀಲಿ ಸ್ಕ್ರೀನ್. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಅಂತೈತಿ. ರೀಸ್ಟಾರ್ಟ್ ಆಗಿ ಮತ್ತ ಅದೇ.

106: ಗ್ರಬ್ ಮೆನು ಬರತೈತಿ, ಕರ್ನೆಲ್ ಸುರು ಆಗತೈತಿ. ಆಮ್ಯಾಲ ‘ಡ್ರಾಕಟ್-ಇನಿಟ್‌ಕ್ಯೂ ಟೈಮ್‌ಔಟ್’ ಅಂತ ಸಾಲು ಸಾಲು ಬಂದು, ಕಡೀಕ ‘/ಡೆವ್/ಮ್ಯಾಪರ್/ಸೆಂಟ್‌ಓಎಸ್-ರೂಟ್ ಡಸ್ ನಾಟ್ ಎಕ್ಸಿಸ್ಟ್’ ಅಂದು ಡ್ರಾಕಟ್ ಪ್ರಾಂಪ್ಟ್‌ಗೆ ಬಂದು ಕುಂದರತೈತಿ.

107: ಸೀಬಯೋಸ್ (ಹಳೇ ಬಯೋಸ್ ಪದ್ಧತಿ) ಇಟ್ಟಾಗ ‘ನೋ ಬೂಟೆಬಲ್ ಡಿವೈಸ್’. ಓವಿಎಂಎಫ್‌ಗೆ (ಹೊಸಾ ಯುಇಎಫ್‌ಐ ಪದ್ಧತಿ) ಬದಲಿ ಮಾಡಿದ್ರ ಹಳದಿ ಅಕ್ಷರದ ಯುಇಎಫ್‌ಐ ಶೆಲ್ ಬಂದು ನಿಲ್ಲತೈತಿ.

ಮೂರು ಸಲ ಕನ್ವರ್ಟ್ ಮಾಡೀನಿ, ಒಮ್ಮೆ ಕ್ಯೂಕೌ2, ಒಮ್ಮೆ ರಾ. ಫ್ಲ್ಯಾಟ್ ಫೈಲಿನ ಎಂಡಿ5 (ತಾಳೆ ನೋಡೋ ಚೆಕ್‌ಸಮ್) ಎರಡೂ ಕಡೆ ಒಂದೇ ಬರತೈತಿ. ಸೋಮವಾರ ಅಂಗಡಿ ತೆಗೆಯೋದ್ರೊಳಗ ಮೂರೂ ಏಳಬೇಕು. ಎಲ್ಲಿಂದ ಹಿಡೀಲಿ?

---

ಸಪ್ತಾಪುರ_ಬಾವಿ, ಧಾರವಾಡ

ಮೊದಲ ಕನ್ವರ್ಟ್ ಮಾಡೋದು ನಿಲ್ಲಸ್ರಿ. ಎಂಡಿ5 ಕೂಡ್ತು ಅಂದ ಮ್ಯಾಲ ನಾಕನೇ ಸಲ ಮಾಡಿದ್ರೂ ಅದೇ ಬರ್ತದ. ಅಲ್ಲದ ನಿಮ್ಮ ಲೋಕಲ್-ಎಲ್‌ವಿಎಂ ಅಂದ್ರ ಎಲ್‌ವಿಎಂ-ಥಿನ್, ಅದರ ಮ್ಯಾಲ ಕ್ಯೂಕೌ2 ಕುಂದರೋದೇ ಇಲ್ಲ, ಇಂಪೋರ್ಟ್ ಆಗುವಾಗ ರಾ ಆಗೇ ಹೋಗ್ತದ. ನಡುವಿನ ಆ ಹೆಜ್ಜೆ ಬರೇ ಟೈಮ್ ತಿಂತು. ಇಂಪೋರ್ಟ್‌ಡಿಸ್ಕ್‌ಗೆ ವಿಎಂಡಿಕೆ ನೇರ ಕೊಡಬಹುದು.

ನೀವು ತಂದದ್ದು ಡಿಸ್ಕ್ ಅಷ್ಟ. ಅದರ ಸುತ್ತ ಇದ್ದ ಮಷಿನ್, ಅಂದ್ರ ಫರ್ಮ್‌ವೇರ್ (ಬಯೋಸ್ ಇಲ್ಲಾ ಯುಇಎಫ್‌ಐ), ಸ್ಕಸಿ ಕಂಟ್ರೋಲರ್, ಬೂಟ್ ಎಂಟ್ರಿ ಬರದಿಟ್ಟ ಎನ್‌ವಿರ್ಯಾಮ್, ಹಳೇ ಡಬ್ಬಿಯೊಳಗ ಉಳದಾವ. ಹಿಂಗಾಗಿ ‘ಬೂಟ್ ಆಗವಲ್ದು’ ಅನ್ನೋದು ಒಂದು ರೋಗ ಅಲ್ಲ. ಎಲ್ಲಿ ನಿಂತದ ನೋಡಿದ್ರ ಯಾಕ ನಿಂತದ ಗೊತ್ತಾಗ್ತದ. ಫರ್ಮ್‌ವೇರಿಗೆ ಏನೂ ಸಿಗಲಿಲ್ಲ, ಅಂದ್ರ ಬೂಟ್‌ಲೋಡರ್ ಮುಖಾನ ಕಾಣಲಿಲ್ಲ ಅಂದ್ರ, ಒಂದೋ ಬಯೋಸ್–ಯುಇಎಫ್‌ಐ ಅದಲುಬದಲು, ಇಲ್ಲಾ ಬೂಟ್ ಆರ್ಡರ್‌ನಾಗ ಡಿಸ್ಕಿಗೆ ಟಿಕ್ ಇಲ್ಲ, ಇಲ್ಲಾ ಡಿಸ್ಕಿನ್ಯಾಗ ಡೇಟಾನೇ ಇಲ್ಲ. ಗ್ರಬ್ ಅಥವಾ ವಿಂಡೋಸ್ ಲೋಗೋ ಬಂದು ಆಮ್ಯಾಲ ನಿಂತ್ರ ಫರ್ಮ್‌ವೇರ್ ಸರಿ ಅದ, ಓಎಸ್ ಕಡೆ ಹೊಸಾ ಕಂಟ್ರೋಲರ್‌ಗೆ ಡ್ರೈವರ್ ಇಲ್ಲ. ಬೂಟ್‌ಲೋಡರ್ ತನಕ ಡಿಸ್ಕ್ ಓದಿಕೊಡೋದು ಫರ್ಮ್‌ವೇರ್. ಕರ್ನೆಲ್ ಎದ್ದ ಮ್ಯಾಲ ಅದು ತನ್ನ ಡ್ರೈವರಿನಿಂದ ತಾನ ಓದಬೇಕು. ಅಲ್ಲೇ ಕೈ ಬಿಡ್ತದ.

ಅಂದ್ರ 105, 106 ಎರಡಕ್ಕೂ ಒಂದೇ ಬ್ಯಾನಿ, ವೇಷ ಬ್ಯಾರೆ. 107 ಪೂರಾ ಬ್ಯಾರೆ ಕೇಸು.

ಉಪಾಯ ಹೇಳೋಕಿಂತ ಮೊದಲ ಹಳೇ ಸರ್ವರಿನ ವಿಎಂ ಫೋಲ್ಡರ್‌ನಾಗ ಇರೋ ವಿಎಂಎಕ್ಸ್ ಫೈಲ್ ತೆರದು ಮೂರು ಸಾಲು ಹುಡಕಿ ಇಲ್ಲಿ ಹಾಕ್ರಿ:

ಫರ್ಮ್‌ವೇರ್ = ?
ಸ್ಕಸಿ0.ವರ್ಚುಅಲ್‌ಡೆವ್ = ?
ಸ್ಕಸಿ0:0.ಫೈಲ್‌ನೇಮ್ = ?

ಫರ್ಮ್‌ವೇರ್ ಅನ್ನೋ ಸಾಲು ಇರದಿದ್ರ ಬಯೋಸ್ ಅಂತ ತಿಳೀರಿ. ಓವಿಎಗೆ ವಿಎಂಎಕ್ಸ್ ಇರೋದಿಲ್ಲ. ಓವಿಎ ಅಂದ್ರ ಸಾದಾ ಟಾರ್ ಫೈಲ್; ‘ಟಾರ್ -ಎಕ್ಸ್‌ವಿಎಫ್’ ಕೊಟ್ಟು ಬಿಚ್ಚಿದ್ರ ಓವಿಎಫ್, ಎಂಎಫ್, ವಿಎಂಡಿಕೆ ಸಿಗತಾವ. ಓವಿಎಫ್ ಎಕ್ಸ್‌ಎಂಎಲ್ ಫೈಲು, ಅದರಾಗ ಫರ್ಮ್‌ವೇರ್ ಅಂತ ಹುಡಕ್ರಿ. ಎಂಎಫ್‌ನಾಗ ಇರೋ ಚೆಕ್‌ಸಮ್‌ಗೂ ವಿಎಂಡಿಕೆಗೂ ತಾಳೆ ನೋಡ್ರಿ, ಅರ್ಧಕ್ಕ ನಿಂತ ಡೌನ್‌ಲೋಡ್ ಆಗಿದ್ರ ಅಲ್ಲೇ ಸಿಕ್ಕಿಬೀಳ್ತದ.

ಕಮಾಂಡುಗಳನ್ನ ಫೋನಿನ್ಯಾಗ ಹೇಳಿದಂಗ ಕನ್ನಡ ಅಕ್ಷರದಾಗ ಬರೀತೀನಿ. ಟೈಪ್ ಮಾಡುವಾಗ ನಿಮಗ ಗೊತ್ತದಲ್ಲ.

---

ಅಮರಗೋಳ_ಅಡ್ಮಿನ್

105: ಫರ್ಮ್‌ವೇರ್ ಸಾಲು ಇಲ್ಲ. ಕಂಟ್ರೋಲರ್ ಎಲ್‌ಎಸ್‌ಐಎಸ್‌ಎಎಸ್1068. ಫೈಲ್‌ನೇಮ್ ‘ಟ್ಯಾಲಿ-000002.ವಿಎಂಡಿಕೆ’.
106: ಫರ್ಮ್‌ವೇರ್ ಸಾಲು ಇಲ್ಲ. ಕಂಟ್ರೋಲರ್ ಪಿವಿಸ್ಕಸಿ, ವಿಎಂವೇರಿಂದು. ಫೈಲ್‌ನೇಮ್ ‘ಶೇರ್.ವಿಎಂಡಿಕೆ’.
107: ಓವಿಎಫ್‌ನಾಗ ಇಎಫ್‌ಐ ಅಂತ ಐತಿ. ಚೆಕ್‌ಸಮ್ ಕೂಡತೈತಿ.

105ರ ಫೋಲ್ಡರಿನ್ಯಾಗ 000001, 000002 ಅಂತ ಇನ್ನೂ ಫೈಲ್ ಅದಾವ, ಜೋಡಿಗೆ ‘ಎಸ್‌ಇಸ್ಪಾರ್ಸ್’ ಅನ್ನೋವೂ ಅದಾವ. ಯಾವುದೋ ಬ್ಯಾಕಪ್ ಇರಬೇಕು ಅಂತ ಬಿಟ್ಟು ಬಂದೆ. ಟ್ಯಾಲಿ.ವಿಎಂಡಿಕೆ, ಟ್ಯಾಲಿ-ಫ್ಲ್ಯಾಟ್.ವಿಎಂಡಿಕೆ ಇಷ್ಟ ತಂದೀನಿ.

---

ಸಪ್ತಾಪುರ_ಬಾವಿ

ಹಂಗಾದ್ರ 105ರ ಬಗ್ಗೆ ನಾ ಹೇಳಿದ್ದು ಅರ್ಧಾ ವಾಪಸ್. ಅವು ಬ್ಯಾಕಪ್ ಅಲ್ರಿ, ಸ್ನ್ಯಾಪ್‌ಶಾಟ್. ಸ್ನ್ಯಾಪ್‌ಶಾಟ್ ತಗೊಂಡ ಕ್ಷಣದಿಂದ ಮೂಲ ಫ್ಲ್ಯಾಟ್ ಫೈಲಿಗೆ ಒಂದಕ್ಷರ ಬರಿಯೋದಿಲ್ಲ. ಅಲ್ಲಿಂದ ಮುಂದಿಂದೆಲ್ಲ ಡೆಲ್ಟಾ ಫೈಲಿಗೆ ಹೋಗ್ತದ. ನೀವು ತಂದ ಫ್ಲ್ಯಾಟ್, ಮೊದಲನೇ ಸ್ನ್ಯಾಪ್‌ಶಾಟ್ ತಗದ ದಿನದ ಡಿಸ್ಕ್. ಎಂಡಿ5 ಕೂಡಿದ್ದು ಖರೇ, ಆದ್ರ ಹಳೇ ಡಿಸ್ಕ್ ಹಳೇ ಡಿಸ್ಕಿಗೆ ಕೂಡ್ತು. ನೀಲಿ ಸ್ಕ್ರೀನ್ ಹೋಗಿ ವಿಂಡೋಸ್ ಎದ್ದಿದ್ರ, ಆ ತಾರೀಖಿನ ನಂತರದ ಲೆಕ್ಕ ಒಂದೂ ಇರ್ತಿರಲಿಲ್ಲ. ಅದು ಗೊತ್ತಾಗದ ಅದರ ಮ್ಯಾಲ ಹೊಸಾ ಎಂಟ್ರಿ ಬಿದ್ದಿದ್ರ ಇನ್ನೂ ಪಜೀತಿ.

ಫೈಲ್ ಒಂದೊಂದಾಗಿ ತಂದು ಜೋಡಿಸೋ ಉಸಾಬರಿ ಬ್ಯಾಡ. ಹಳೇ ಸರ್ವರಿಗೆ ಎಸ್‌ಎಸ್‌ಎಚ್ ಮಾಡಿ, ಅದೇ ಫೋಲ್ಡರಿನ್ಯಾಗ ನಿಂತು:

ವಿಎಂಕೆಎಫ್‌ಎಸ್‌ಟೂಲ್ಸ್ -ಐ ಟ್ಯಾಲಿ-000002.ವಿಎಂಡಿಕೆ ಟ್ಯಾಲಿ-ಪೂರಾ.ವಿಎಂಡಿಕೆ -ಡಿ ಥಿನ್

ಕೊಡಬೇಕಾದ್ದು ಸಣ್ಣ ಡಿಸ್ಕ್ರಿಪ್ಟರ್ ಫೈಲ್, ಎಸ್‌ಇಸ್ಪಾರ್ಸ್ ಫೈಲ್ ಅಲ್ಲ. ಇದು ಮೂಲ ಡಿಸ್ಕ್ ಮತ್ತ ಎರಡೂ ಸ್ನ್ಯಾಪ್‌ಶಾಟ್ ಕೂಡಿಸಿ ಒಂದೇ ಹೊಸಾ ಡಿಸ್ಕ್ ಮಾಡ್ತದ, ಹಳೇದಕ್ಕ ಕೈ ಹಚ್ಚೋದಿಲ್ಲ. ಡೇಟಾಸ್ಟೋರ್‌ನಾಗ ಜಾಗಾ ಬೇಕು, ಹೆಚ್ಚಂದ್ರ 120 ಜಿಬಿ. ಜಾಗಾ ಇಲ್ಲಾಂದ್ರ ಸ್ನ್ಯಾಪ್‌ಶಾಟ್ ಮ್ಯಾನೇಜರ್‌ನಾಗ ‘ಡಿಲೀಟ್ ಆಲ್’ ಕೊಟ್ರ ಅವು ಮೂಲ ಡಿಸ್ಕಿನೊಳಗ ಕೂಡತಾವ. ಡಿಲೀಟ್ ಅಂದ ಕೂಡಲೇ ಡೇಟಾ ಹೋಗ್ತದ ಅಂತ ಹೆದರೋರು ಭಾಳ ಮಂದಿ; ಹೋಗೋದು ಹಿಂದ ಸರಿಯೋ ದಾರಿ ಅಷ್ಟ. ಆದ್ರ ಅದು ನಡದಾಗ ಕರೆಂಟ್ ಹೋಗಬಾರದು, ಯುಪಿಎಸ್ ಬ್ಯಾಟರಿ ನೋಡಕೊಂಡು ಸುರು ಮಾಡ್ರಿ. ನಾನಾದ್ರ ವಿಎಂಕೆಎಫ್‌ಎಸ್‌ಟೂಲ್ಸ್ ದಾರೀನ ಹಿಡೀತೀನಿ.

ನೆಟ್‌ವರ್ಕ್ ಮ್ಯಾಲ ಥಿನ್ (ತುಂಬಿದಷ್ಟ ಜಾಗಾ ಹಿಡಿಯೋ) ಫೈಲ್ ಕೂಡ ಪೂರಾ 120 ಜಿಬಿ ಆಗೇ ಬರ್ತದ. ಗಿಗಾಬಿಟ್ ಸ್ವಿಚ್ ಇದ್ರ ಭಾಳ ಛಲೋ ಅಂದ್ರ 20 ನಿಮಿಷ, ಎಸ್‌ಸಿಪಿ ಅದಕ್ಕಿಂತ ನಿಧಾನ. ಅಂಗಡಿಯೊಳಗ ಹಳೇ 100 ಎಂಬಿಪಿಎಸ್ ಸ್ವಿಚ್ ಇದ್ರ ಮೂರು ತಾಸು ಹಿಡೀರಿ, ಇಲ್ಲಾ ಎರಡೂ ಸರ್ವರ್ ನಡುವ ಒಂದು ಕೇಬಲ್ ನೇರ ಹಾಕ್ರಿ.

ಪ್ರಾಕ್ಸ್‌ಮಾಕ್ಸ್ 8.2 ಇದ್ದವರಿಗೆ ಇನ್ನೊಂದು ದಾರಿ ಅದ. ಡೇಟಾಸೆಂಟರ್, ಸ್ಟೋರೇಜ್, ಆ್ಯಡ್, ಇಎಸ್‌ಎಕ್ಸ್‌ಐ. ಹಳೇ ಸರ್ವರಿನ ಐಪಿ, ಪಾಸ್‌ವರ್ಡ್ ಕೊಟ್ರ ವಿಎಂ ಪಟ್ಟಿ ಅಲ್ಲೇ ಕಾಣ್ತದ, ಇಂಪೋರ್ಟ್ ಒತ್ತಿದ್ರ ಆತು. ಡಿಸ್ಕ್ ಸರಪಳಿ, ಫರ್ಮ್‌ವೇರ್ ಸೆಟ್ಟಿಂಗ್ ಅದೇ ನೋಡಕೋತದ. ಆದ್ರ ಸ್ನ್ಯಾಪ್‌ಶಾಟ್ ಇದ್ರ ವಿಪರೀತ ನಿಧಾನ, ಮತ್ತ ಗೆಸ್ಟ್ ಓಎಸ್ ಒಳಗ ಡ್ರೈವರ್ ಹಾಕೋ ಕೆಲಸ ಅದು ಮಾಡೋದಿಲ್ಲ. ನೀಲಿ ಸ್ಕ್ರೀನ್ ಆ ದಾರಿಯಾಗೂ ತಪ್ಪೋದಿಲ್ಲ.

---

ಬ್ಯಾಡಗಿ_ಕಡ್ಡಿ, ಹಾವೇರಿ

105ಕ್ಕ ಹೆಂಗೂ ಮತ್ತೊಮ್ಮೆ ಕಾಪಿ ತಗೀಬೇಕಲ್ರಿ, ಹಂಗಾದ್ರ ಅದಕ್ಕಿಂತ ಮೊದಲ ಹಳೇ ಸರ್ವರಿನ ಮ್ಯಾಲ ವಿಎಂ ಒಮ್ಮೆ ಚಾಲೂ ಮಾಡಿ ಎರಡು ಕೆಲಸ ಮುಗಸ್ರಿ.

ಒಂದು, ಟ್ಯಾಲಿ ಲೈಸೆನ್ಸ್ ಸರೆಂಡರ್. ಅದು ಮಷಿನಿಗೆ ಗಂಟು ಬಿದ್ದಿರತೈತಿ, ಹೊಸಾ ಹಾರ್ಡ್‌ವೇರ್ ಕಂಡ ಕೂಡಲೇ ಎಜುಕೇಶನಲ್ ಮೋಡಿಗೆ ಇಳೀತೈತಿ. ಇಲ್ಲಿ ಸರೆಂಡರ್ ಮಾಡಿ ಅಲ್ಲಿ ಆ್ಯಕ್ಟಿವೇಟ್ ಮಾಡಿದ್ರ ತಕರಾರಿಲ್ಲ. ಕಾಪಿ ಆದ ಮ್ಯಾಲ ನೆನಪಾತು ಅಂದ್ರ ಹಳೇದನ್ನ ಮತ್ತ ಎಬ್ಬಿಸಬೇಕಾಗತೈತಿ.

ಎರಡು, ವಿಎಂವೇರ್ ಟೂಲ್ಸ್ ಅನ್‌ಇನ್‌ಸ್ಟಾಲ್. ಪ್ರಾಕ್ಸ್‌ಮಾಕ್ಸ್‌ಗೆ ಬಂದ ಮ್ಯಾಲ ತೆಗೀತೀನಿ ಅಂದ್ರ ಅದರ ಅನ್‌ಇನ್‌ಸ್ಟಾಲರ್ ‘ಇದು ವಿಎಂವೇರ್ ಮಷಿನ್ ಅಲ್ಲ’ ಅಂತ ಹಟಾ ಹಿಡೀತೈತಿ. ನಿಮ್ಮ ಕಂಟ್ರೋಲರ್ ಎಲ್‌ಎಸ್‌ಐ ಎಸ್‌ಎಎಸ್, ಅದರ ಡ್ರೈವರ್ ವಿಂಡೋಸಿನ್ಯಾಗ ಮೊದಲಿಂದ ಇರತೈತಿ, ಟೂಲ್ಸ್ ತಗದ್ರೂ ಹಳೇ ಕಡೆ ಬೂಟ್ ಆಗತೈತಿ. ಪಿವಿಸ್ಕಸಿ ಇದ್ದ ವಿಂಡೋಸ್ ಆಗಿದ್ರ ತಗದ ಮ್ಯಾಲ ಅಲ್ಲೇ ರೀಸ್ಟಾರ್ಟ್ ಮಾಡಬಾರದು, ಆ ಡ್ರೈವರ್ ಟೂಲ್ಸ್ ಜೋಡಿ ಬಂದಿರತೈತಿ.

ಆಮ್ಯಾಲ ‘ಶಟ್‌ಡೌನ್ /ಎಸ್ /ಟಿ 0’ ಕೊಟ್ಟು ಪೂರಾ ಬಂದ್ ಮಾಡಿ, ಮ್ಯಾಲ ಹೇಳಿದಂಗ ಪೂರಾ ಡಿಸ್ಕ್ ಮಾಡಿ ತರ್ರಿ.

ಈಗ ನೀಲಿ ಸ್ಕ್ರೀನ್. ಅದರ ನಂಬರ್ 0x7ಬಿ. ವಿಂಡೋಸ್ ಎಲ್ಲಾ ಡ್ರೈವರ್ ಬೂಟ್ ಹೊತ್ತಿಗೆ ಎತ್ತೋದಿಲ್ಲ, ಹಿಂದ ಕಂಡ ಕಂಟ್ರೋಲರಿನ ಡ್ರೈವರ್ ಅಷ್ಟ ಎತ್ತತೈತಿ. ವರ್ಟ್‌ಐಓ ಸ್ಕಸಿ ಅದು ಎಂದೂ ಕಂಡಿಲ್ಲ. ಹಳೇ ಕಡೆ ಇದ್ದಾಗ ವರ್ಟ್‌ಐಓ ಎಂಎಸ್‌ಐ ಹಾಕಿಟ್ಟೇವಿ ಅಂದ್ರೂ ನಂಬಾಂಗಿಲ್ಲ: ಡಿವೈಸ್ ಕಣ್ಣಿಗೆ ಬೀಳೋತನಕ ಅದು ಬೂಟ್ ಡ್ರೈವರ್ ಸಾಲಿಗೆ ಸೇರೋದಿಲ್ಲ. ಅದಕ್ಕ ಸುಳ್ಳು ಡಿಸ್ಕ್ ತೋರಿಸಿ ಪರಿಚಯ ಮಾಡಸೋದು:

1. ಹಾರ್ಡ್‌ವೇರ್ ಟ್ಯಾಬಿನ್ಯಾಗ ಸ್ಕಸಿ 0 ಡಿಟ್ಯಾಚ್ ಮಾಡ್ರಿ, ಅನ್‌ಯೂಸ್ಡ್ ಆಗತೈತಿ. ಅದನ್ನ ಡಬಲ್ ಕ್ಲಿಕ್ ಮಾಡಿ ಸಾಟಾ 0 ಅಂತ ಜೋಡಸ್ರಿ.
2. ಆಪ್ಷನ್ಸ್‌ನಾಗ ಬೂಟ್ ಆರ್ಡರ್ ತಗದು ಸಾಟಾ 0 ಮುಂದ ಟಿಕ್ ಹಾಕಿ ಮ್ಯಾಲಕ್ಕ ಎಳೀರಿ. ಟಿಕ್ ತಾನಾಗೇ ಬರೋದಿಲ್ಲ. ಇದೊಂದು ಮರತು ‘ನೋ ಬೂಟೆಬಲ್ ಡಿವೈಸ್’ ಅಂತ ತಲಿ ಕೆಡಿಸಿಕೊಳ್ಳೋರಿಗೆ ಲೆಕ್ಕಿಲ್ಲ.
3. ಸ್ಕಸಿ 1 ಅಂತ 1 ಜಿಬಿ ಹೊಸಾ ಖಾಲಿ ಡಿಸ್ಕ್, ಕಂಟ್ರೋಲರ್ ವರ್ಟ್‌ಐಓ ಸ್ಕಸಿ ಸಿಂಗಲ್. ಸಿಡಿ ಡ್ರೈವಿಗೆ ವರ್ಟ್‌ಐಓ-ವಿನ್ ಐಎಸ್‌ಓ.
4. ಚಾಲೂ ಮಾಡ್ರಿ. ಸಾಟಾದಿಂದ ಏಳತೈತಿ. ಡಿವೈಸ್ ಮ್ಯಾನೇಜರ್‌ನಾಗ ‘ಸ್ಕಸಿ ಕಂಟ್ರೋಲರ್’ ಮುಂದ ಹಳದಿ ಗುರ್ತು ಕಾಣತೈತಿ. ಐಎಸ್‌ಓದಾಗಿನ ವರ್ಟ್‌ಐಓ-ವಿನ್-ಜಿಟಿ-ಎಕ್ಸ್64 ಎಂಎಸ್‌ಐ ಓಡಸ್ರಿ.
5. ಡಿಸ್ಕ್ ಮ್ಯಾನೇಜ್‌ಮೆಂಟ್ ತಗದು 1 ಜಿಬಿ ಡಿಸ್ಕ್ ಕಾಣತೈತೋ ಇಲ್ಲೋ ನೋಡ್ರಿ. ‘ನಾಟ್ ಇನಿಷಿಯಲೈಸ್ಡ್’ ಅಂದ್ರೂ ಅಡ್ಡಿಯಿಲ್ಲ, ಕಂಡ್ರ ಸಾಕು. ಕಾಣದಿದ್ರ ಮುಂದ ಹೋಗಬ್ಯಾಡ್ರಿ.
6. ಬಂದ್ ಮಾಡಿ, ಸಾಟಾ 0 ಡಿಟ್ಯಾಚ್, ಸ್ಕಸಿ 0 ಅಂತ ಜೋಡಣೆ, ಬೂಟ್ ಆರ್ಡರ್ ಮತ್ತ ಟಿಕ್. 1 ಜಿಬಿ ಡಿಸ್ಕ್ ತಗದು ಒಗೀರಿ.

ಮಂದಿ ಮುಗ್ಗರಿಸೋದು ಎರಡು ಹೆಸರಿನ್ಯಾಗ. ಡಿಸ್ಕ್ ‘ಸ್ಕಸಿ’ ಅಂತ ಜೋಡಿಸಿದ್ರ ಬೇಕಾದ ಡ್ರೈವರ್ ವಿಐಓಸ್ಕಸಿ. ‘ವರ್ಟ್‌ಐಓ ಬ್ಲಾಕ್’ ಅಂತ ಜೋಡಿಸಿದ್ರ ವಿಐಓಸ್ಟಾರ್. ಸುಳ್ಳು ಡಿಸ್ಕ್ ಒಂದು ಥರ ಜೋಡಿಸಿ ಖರೇ ಡಿಸ್ಕ್ ಇನ್ನೊಂದು ಥರ ಜೋಡಿಸಿದ್ರ ಮತ್ತ ಅದೇ 0x7ಬಿ.

ಸಾಟಾದಾಗೂ ನೀಲಿ ಬಂತಂದ್ರ ಐಡಿಇ 0 ಹಾಕಿ ನೋಡ್ರಿ. ಅದೂ ಆಗದಿದ್ರ ಸರ್ವರ್ 2016 ಐಎಸ್‌ಓದಿಂದ ಬೂಟ್ ಮಾಡಿ ರಿಪೇರ್, ಕಮಾಂಡ್ ಪ್ರಾಂಪ್ಟ್. ಡಿಸ್ಕ್ ಸ್ಕಸಿಯಾಗೇ ಇರಲಿ. ಮೊದಲ ಡಿಸ್ಕ್ ಕಾಣೋದಿಲ್ಲ. ಕಾಣೋಹಂಗ ಮಾಡಿ, ಆಮ್ಯಾಲ ಅದರೊಳಗ ಡ್ರೈವರ್ ತುರಕಬೇಕು:

ಡಿಆರ್‌ವಿಲೋಡ್ ಇ:\ವಿಐಓಸ್ಕಸಿ\2ಕೆ16\ಎಎಂಡಿ64\ವಿಐಓಸ್ಕಸಿ.ಐಎನ್‌ಎಫ್
ಡಿಐಎಸ್‌ಎಂ /ಇಮೇಜ್:ಸಿ:\ /ಆ್ಯಡ್-ಡ್ರೈವರ್ /ಡ್ರೈವರ್:ಇ:\ವಿಐಓಸ್ಕಸಿ\2ಕೆ16\ಎಎಂಡಿ64

ರಿಪೇರ್ ಮೋಡಿನ್ಯಾಗ ಸಿ, ಇ ಅಕ್ಷರ ಅದಲುಬದಲು ಆಗಿರತಾವ. ‘ಡಿಐಆರ್’ ಹೊಡದು ವಿಂಡೋಸ್ ಫೋಲ್ಡರ್ ಯಾವುದರಾಗ ಐತಿ ನೋಡಿಕೊಂಡ ಮ್ಯಾಲ ಟೈಪ್ ಮಾಡ್ರಿ.

ಎರಡನೇ ಡೇಟಾ ಡಿಸ್ಕ್ ಇದ್ದವರಿಗೆ: ಕಂಟ್ರೋಲರ್ ಬದಲಾದ ಮ್ಯಾಲ ವಿಂಡೋಸ್ ಸರ್ವರ್ ಅದನ್ನ ಆಫ್‌ಲೈನ್ ಇಟ್ಟಿರತೈತಿ. ಡ್ರೈವ್ ಹೋತು ಅಂತ ಗಾಬರಿ ಬ್ಯಾಡ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಾಗ ರೈಟ್ ಕ್ಲಿಕ್, ಆನ್‌ಲೈನ್.

---

ಸಪ್ತಾಪುರ_ಬಾವಿ

106 ಮತ್ತ 107 ನಾ ಹೇಳ್ತೀನಿ.

106ರ ಕಥಿ ಏನಂದ್ರ, ಸೆಂಟ್‌ಓಎಸ್ 7ರ ಡ್ರಾಕಟ್ ‘ಹೋಸ್ಟ್‌ಓನ್ಲಿ’ ಪದ್ಧತಿಯಾಗ ಇನಿಟ್‌ರಾಮ್‌ಎಫ್‌ಎಸ್ (ರೂಟ್ ಡಿಸ್ಕ್ ಸಿಗೋತನಕ ಕರ್ನೆಲ್ ಬಳಸೋ ಸಣ್ಣ ಫೈಲ್ ಕಟ್ಟು) ಕಟ್ತದ. ಕಟ್ಟಿದ ದಿನ ಎದುರಿಗಿದ್ದ ಹಾರ್ಡ್‌ವೇರಿಗೆ ಬೇಕಾದ ಡ್ರೈವರ್ ಅಷ್ಟ ಒಳಗ. ಎದುರಿಗಿದ್ದದ್ದು ಪಿವಿಸ್ಕಸಿ, ಹಿಂಗಾಗಿ ವರ್ಟ್‌ಐಓ ಒಳಗಿಲ್ಲ. ಡಿಸ್ಕೇ ಕಾಣಲಿಲ್ಲ ಅಂದ ಮ್ಯಾಲ ಅದರ ಮ್ಯಾಲಿನ ಎಲ್‌ವಿಎಂ ರೂಟ್ ಎಲ್ಲಿಂದ ಬರಬೇಕು? ಉಬುಂಟು, ಡೆಬಿಯನ್ ಹಿಂಗ ಮಾಡೋದಿಲ್ಲ, ಅವು ಹೆಚ್ಚುಕಡಿಮಿ ಎಲ್ಲಾ ಸ್ಟೋರೇಜ್ ಡ್ರೈವರ್ ತುಂಬಿಕೊಂಡೇ ಬರತಾವ. ಈ ಬ್ಯಾನಿ ರೆಡ್‌ಹ್ಯಾಟ್ ಮನಿತನದ್ದು.

ನಿಮ್ಮ ನಸೀಬ ಛಲೋ ಅದ. ಪ್ರಾಕ್ಸ್‌ಮಾಕ್ಸ್‌ನಾಗ ಸ್ಕಸಿ ಕಂಟ್ರೋಲರ್ ಪಟ್ಟಿ ತೆರದ್ರ ‘ವಿಎಂವೇರ್ ಪಿವಿಸ್ಕಸಿ’ ಅಂತ ಒಂದು ಆಯ್ಕೆ ಅದ. ಅದನ್ನ ಹಾಕಿ ಚಾಲೂ ಮಾಡ್ರಿ, ಹಳೇ ಇನಿಟ್‌ರಾಮ್‌ಎಫ್‌ಎಸ್ ಹಂಗೇ ಏಳ್ತದ. ಎಲ್‌ಎಸ್‌ಐ ಇದ್ದವರು ಇದೇ ಯುಕ್ತಿ ಮಾಡಲಿಕ್ಕೆ ಹೋಗಿ ‘ಎಲ್‌ಎಸ್‌ಐ 53ಸಿ895ಎ’ ಆರಿಸಿ ಮೋಸ ಹೋಗ್ತಾರ. ಹೆಸರಿನ್ಯಾಗ ಎಲ್‌ಎಸ್‌ಐ ಇದ್ದ ಮಾತ್ರಕ್ಕ ಒಂದೇ ಚಿಪ್ ಅಲ್ಲ: ವಿಎಂವೇರಿನ ಎಲ್‌ಎಸ್‌ಐಗಳಿಗೆ ಎಂಪಿಟಿ ಡ್ರೈವರ್ ಬೇಕು, ಇದಕ್ಕ ಬೇಕಾದ್ದು ಎಸ್‌ವೈಎಂ53ಸಿ8ಎಕ್ಸ್‌ಎಕ್ಸ್. ಅಂಥವರು ಗ್ರಬ್ ಮೆನುವಿನ ಕಡೇ ಸಾಲು, ‘0-ರೆಸ್ಕ್ಯೂ’ ಅಂತ ಇರೋದನ್ನ ಆರಿಸಬೇಕು. ಅದರ ಇನಿಟ್‌ರಾಮ್‌ಎಫ್‌ಎಸ್ ಎಲ್ಲಾ ಡ್ರೈವರ್ ಹಾಕಿ ಕಟ್ಟಿದ್ದು.

ಒಳಗ ಹೋದ ಮ್ಯಾಲ /ಇಟಿಸಿ/ಡ್ರಾಕಟ್.ಕಾನ್ಫ್.ಡಿ ಒಳಗ ವರ್ಟ್‌ಐಓ.ಕಾನ್ಫ್ ಅಂತ ಫೈಲ್ ಮಾಡಿ ಒಂದು ಸಾಲು:

ಆ್ಯಡ್_ಡ್ರೈವರ್ಸ್+=" ವರ್ಟ್‌ಐಓ_ಪಿಸಿಐ ವರ್ಟ್‌ಐಓ_ಸ್ಕಸಿ ವರ್ಟ್‌ಐಓ_ಬಿಎಲ್‌ಕೆ "

ಉದ್ಧರಣ ಚಿಹ್ನೆಯ ಒಳಗ ಎರಡೂ ತುದಿಗೆ ಒಂದೊಂದು ಸ್ಪೇಸ್ ಬಿಡ್ರಿ, ಇಲ್ಲಾಂದ್ರ ಇನ್ನೊಂದು ಕಾನ್ಫ್ ಫೈಲಿನ ಹೆಸರಿಗೆ ಅಂಟಿಕೊಂಡು ಎರಡೂ ಹಾಳಾಗತಾವ. ಆಮ್ಯಾಲ ‘ಎಲ್‌ಎಸ್ /ಲಿಬ್/ಮಾಡ್ಯೂಲ್ಸ್’ ನೋಡಿ, ಹೊಸಾ ಕರ್ನೆಲ್ ವರ್ಷನ್ ಕೈಯಿಂದ ಬರದು:

ಡ್ರಾಕಟ್ -ಎಫ್ /ಬೂಟ್/ಇನಿಟ್‌ರಾಮ್‌ಎಫ್‌ಎಸ್-ವರ್ಷನ್.ಐಎಂಜಿ ವರ್ಷನ್

ಬರೇ ‘ಡ್ರಾಕಟ್ -ಎಫ್’ ಕೊಟ್ರ ಈಗ ಓಡಾಕತ್ತಿದ ಕರ್ನೆಲ್‌ಗೆ ಕಟ್ತದ. ರೆಸ್ಕ್ಯೂದಿಂದ ಬಂದಿದ್ರ ಓಡೋದು ಇನ್‌ಸ್ಟಾಲ್ ಮಾಡಿದ ದಿನದ ಹಳೇ ಕರ್ನೆಲ್. ಕಟ್ಟಿದ್ದು ಅದಕ್ಕ, ಬೂಟ್ ಆಗೋದು ಇನ್ನೊಂದು. ‘ಎಲ್ಲಾ ಸರಿ ಮಾಡಿದೆ, ಆದ್ರೂ ಆಗವಲ್ದು’ ಅನ್ನೋದು ಹೆಚ್ಚಾಗಿ ಇಲ್ಲೇ. ‘ಎಲ್‌ಎಸ್‌ಇನಿಟ್‌ಆರ್‌ಡಿ’ ಕೊಟ್ಟು ಆ ಐಎಂಜಿ ಒಳಗ ವರ್ಟ್‌ಐಓ ಅಂತ ಗ್ರೆಪ್ ಮಾಡಿ ಖಾತ್ರಿ ಮಾಡಿಕೊಂಡು, ಬಂದ್ ಮಾಡಿ, ಕಂಟ್ರೋಲರ್ ವರ್ಟ್‌ಐಓ ಸ್ಕಸಿಗೆ ತಿರುಗಸ್ರಿ.

ವರ್ಟ್‌ಐಓ ಬ್ಲಾಕ್ ಬದಲಿಗೆ ವರ್ಟ್‌ಐಓ ಸ್ಕಸಿ ಯಾಕ ಅಂದ್ರ, ಸ್ಕಸಿಯಾಗ ಡಿಸ್ಕ್ ಎಸ್‌ಡಿಎ ಆಗೇ ಉಳೀತದ. ಬ್ಲಾಕಿನ್ಯಾಗ ವಿಡಿಎ ಆಗ್ತದ. ಹಳೇ ಎಫ್‌ಎಸ್‌ಟ್ಯಾಬಿನ್ಯಾಗ ಯುಯುಐಡಿ ಬದಲಿಗೆ /ಡೆವ್/ಎಸ್‌ಡಿಎ1 ಅಂತ ಬರದಿದ್ರ ಮತ್ತೊಂದು ಎಮರ್ಜೆನ್ಸಿ ಮೋಡ್ ನೋಡಬೇಕಾಗ್ತದ.

ಅಂದಹಂಗ ಸೆಂಟ್‌ಓಎಸ್ 7ರ ಆಯುಷ್ಯ 2024ರ ಜೂನ್ 30ಕ್ಕ ಮುಗದದ. ಯಮ್ (ಪ್ಯಾಕೇಜ್ ಹಾಕೋ ಕಮಾಂಡ್) ಈಗ ವಾಲ್ಟ್ (ಹಳೇ ಸಂಗ್ರಹ) ವಿಳಾಸದಿಂದ ಅಷ್ಟ ನಡೀತದ. ಸೋಮವಾರ ಆದ ಮ್ಯಾಲ ಅದನ್ನ ಎಲ್ಲಿಗೆ ಒಯ್ಯೋದು ನೋಡ್ರಿ.

107: ಓವಿಎಂಎಫ್ ಇಟ್ಟದ್ದು ಸರಿ. ಶೆಲ್ ಬಂದಾಗ ಮ್ಯಾಲಿನ ಮ್ಯಾಪಿಂಗ್ ಪಟ್ಟಿ ಓದ್ರಿ. ಎಫ್‌ಎಸ್0 ಅಂತ ಇದ್ರ ಇಎಫ್‌ಐ ಪಾರ್ಟಿಶನ್ ಕಂಡದ. ಬರೇ ಬಿಎಲ್‌ಕೆ ಸಾಲುಗಳು ಇದ್ರ ಆ ಡಿಸ್ಕ್ ಬಯೋಸ್‌ದು, ಸೀಬಯೋಸ್‌ಗೆ ವಾಪಸ್ ಹೋಗಬೇಕು. ಪಟ್ಟಿಯೊಳಗ ಡಿಸ್ಕೇ ಇಲ್ಲಾಂದ್ರ ಡಿಸ್ಕ್ ಜೋಡಿಸಿಲ್ಲ.

ಎಫ್‌ಎಸ್0 ಇದ್ದೂ ಯಾಕ ನಿಂತದ? ‘ಡೆಬಿಯನ್ ಇಲ್ಲಿ ಅದ’ ಅನ್ನೋ ಬೂಟ್ ಎಂಟ್ರಿ ಡಿಸ್ಕಿನ್ಯಾಗ ಇರೋದಿಲ್ಲ, ಮಷಿನಿನ ಎನ್‌ವಿರ್ಯಾಮ್‌ನಾಗ ಇರ್ತದ. ಓವಿಎ ಜೋಡಿ ಅದು ಬರಲಿಲ್ಲ. ಎಂಟ್ರಿ ಇಲ್ಲದಾಗ ಫರ್ಮ್‌ವೇರ್ \ಇಎಫ್‌ಐ\ಬೂಟ್\ಬೂಟ್ಎಕ್ಸ್64.ಇಎಫ್‌ಐ ಅನ್ನೋ ಒಂದೇ ಜಾಗಾ ನೋಡ್ತದ. ವಿಂಡೋಸ್ ಅಲ್ಲೂ ಒಂದು ಪ್ರತಿ ಇಟ್ಟಿರ್ತದ. ಡೆಬಿಯನ್ ನಾವು ಹೇಳದ ಹೊರತು ಇಡೋದಿಲ್ಲ.

ಮೊದಲ ವಿಎಂ ಬಂದ್ ಮಾಡಿ ಹಾರ್ಡ್‌ವೇರ್‌ನಾಗ ಇಎಫ್‌ಐ ಡಿಸ್ಕ್ ಸೇರಸ್ರಿ. ಅದಿಲ್ಲಾಂದ್ರ ಮಾಡಿದ ಎಂಟ್ರಿ ಪ್ರತಿ ಸಲ ಬಂದ್ ಮಾಡಿದಾಗ ಅಳಸಿಹೋಗ್ತದ. ಚಾಲೂ ಮಾಡಿ ಶೆಲ್‌ನಾಗ:

ಎಫ್‌ಎಸ್0:
\ಇಎಫ್‌ಐ\ಡೆಬಿಯನ್\ಶಿಮ್ಎಕ್ಸ್64.ಇಎಫ್‌ಐ

ಗ್ರಬ್ ಬರ್ತದ. ಒಳಗ ಹೋಗಿ ರೂಟ್ ಆಗಿ ‘ಡಿಪಿಕೆಜಿ-ರೀಕಾನ್ಫಿಗರ್ ಗ್ರಬ್-ಇಎಫ್‌ಐ-ಎಎಂಡಿ64’ ಕೊಡ್ರಿ. ರಿಮೂವೆಬಲ್ ಮೀಡಿಯಾ ಪಾತ್‌ಗೂ ಹಾಕಲೇನು ಅಂತ ಕೇಳ್ತದ, ‘ಯೆಸ್’ ಅನ್ರಿ. ಇನ್ನ ಮುಂದ ಎಲ್ಲಿಗೆ ಒಯ್ದರೂ ಏಳ್ತದ.

ಇಎಫ್‌ಐ ಡಿಸ್ಕ್ ಮಾಡುವಾಗ ‘ಪ್ರೀ-ಎನ್‌ರೋಲ್ ಕೀಸ್’ ಟಿಕ್ ಇದ್ರ ಸೆಕ್ಯೂರ್ ಬೂಟ್ ಚಾಲೂ ಆಗ್ತದ. ಸಾಫ್ಟ್‌ವೇರ್ ಕೊಟ್ಟವರು ತಮ್ಮದೇ ಸಹಿ ಇಲ್ಲದ ಕರ್ನೆಲ್ ಹಾಕಿದ್ರ ಅಲ್ಲಿ ತಡೀತದ. ಅನುಮಾನ ಇದ್ರ ಆ ಟಿಕ್ ತಗೀರಿ.

---

ಗದಗ_ಪ್ರೆಸ್, ಗದಗ

ನಡುವ ಬಾಯಿ ಹಾಕಿದ್ದಕ್ಕ ಕ್ಷಮಿಸ್ರಿ, ನಂದೂ ಇಂಥದ್ದೇ ಐತ್ರಿ. ಹೈಪರ್-ವಿಯಿಂದ ವಿಎಚ್‌ಡಿಎಕ್ಸ್ ಡಿಸ್ಕ್ ಫೈಲ್ ತಗದು ವರ್ಚುಅಲ್‌ಬಾಕ್ಸ್‌ಗೆ ಹಾಕೀನಿ. ವಿಂಡೋಸ್ 10. ‘ನೋ ಬೂಟೆಬಲ್ ಮೀಡಿಯಂ ಫೌಂಡ್’ ಅಂತೈತ್ರಿ.

---

ಸಪ್ತಾಪುರ_ಬಾವಿ

ಬ್ಯಾರೆ ಪ್ರಶ್ನಿ ತೆಗಿಬೇಕಿತ್ತು, ಇರಲಿ. ಹೈಪರ್-ವಿ ಮ್ಯಾನೇಜರ್‌ನಾಗ ಆ ವಿಎಂ ಆರಿಸಿ ಕೆಳಗ ‘ಜನರೇಶನ್’ ನೋಡ್ರಿ. 1 ಇದ್ರ ಬಯೋಸ್, ಡಿಸ್ಕ್ ಐಡಿಇಗೆ. 2 ಇದ್ರ ಯುಇಎಫ್‌ಐ. 2ಕ್ಕ ವರ್ಚುಅಲ್‌ಬಾಕ್ಸ್‌ನಾಗ ಸಿಸ್ಟಂ ಸೆಟ್ಟಿಂಗ್‌ನಾಗ ‘ಎನೇಬಲ್ ಇಎಫ್‌ಐ’ ಟಿಕ್, ಡಿಸ್ಕ್ ಸಾಟಾಕ್ಕ. ನಿಮ್ಮದು 2 ಇರಬೇಕು. ವಿಎಚ್‌ಡಿಎಕ್ಸ್ ಮ್ಯಾಲೇ ಓಡಸಬ್ಯಾಡ್ರಿ, ‘ವಿಬಾಕ್ಸ್‌ಮ್ಯಾನೇಜ್ ಕ್ಲೋನ್‌ಮೀಡಿಯಂ ಡಿಸ್ಕ್’ ಕೊಟ್ಟು ವಿಡಿಐ ಮಾಡಿಕೊಳ್ರಿ. ಫೋಲ್ಡರ್‌ನಾಗ ಎವಿಎಚ್‌ಡಿಎಕ್ಸ್ ಫೈಲ್ ಇದ್ರ ಅದು ಚೆಕ್‌ಪಾಯಿಂಟ್, ಮ್ಯಾಲ ಟ್ಯಾಲಿಗೆ ಆದ ಗತಿನೇ ನಿಮಗೂ. ಹೈಪರ್-ವಿಯೊಳಗ ಚೆಕ್‌ಪಾಯಿಂಟ್ ಡಿಲೀಟ್ ಮಾಡಿ ಕೂಡಿಸಿಕೊಂಡು ಮತ್ತ ತರ್ರಿ. ಬಿಟ್‌ಲಾಕರ್ ಇದ್ರ ತರೋ ಮೊದಲ ಸಸ್ಪೆಂಡ್ ಮಾಡ್ರಿ, ಇಲ್ಲಾಂದ್ರ ಹೊಸಾ ಕಡೆ 48 ಅಂಕಿಯ ರಿಕವರಿ ಕೀ ಕೇಳ್ತದ.

ಆಮ್ಯಾಲ 0x7ಬಿ ಬಂದ್ರ: ರಿಕವರಿ ಪ್ರಾಂಪ್ಟ್‌ನಾಗ ರೆಜ್‌ಎಡಿಟ್ ತೆರದು ಆ ಡಿಸ್ಕಿನ ಸಿಸ್ಟಂ ಹೈವ್ ಲೋಡ್ ಮಾಡಿ, ಕಂಟ್ರೋಲ್‌ಸೆಟ್001, ಸರ್ವಿಸಸ್, ಸ್ಟೋರ್‌ಎಎಚ್‌ಸಿಐ, ಸ್ಟಾರ್ಟ್‌ಓವರ್‌ರೈಡ್. ಅದರಾಗ 0 ಅನ್ನೋ ಹೆಸರಿನ ವ್ಯಾಲ್ಯೂ 3 ಇದ್ರ 0 ಮಾಡ್ರಿ, ಹೈವ್ ಅನ್‌ಲೋಡ್ ಮಾಡಿ ರೀಸ್ಟಾರ್ಟ್.

---

ಅಮರಗೋಳ_ಅಡ್ಮಿನ್

ಮೂರೂ ಎದ್ದಾವ್ರಿ! 106 ಪಿವಿಸ್ಕಸಿ ಹಾಕಿದ ಕೂಡಲೇ ಎದ್ದಿತು, ಡ್ರಾಕಟ್ ಆದ ಮ್ಯಾಲ ವರ್ಟ್‌ಐಓದಾಗೂ ಏಳತೈತಿ. 107 ಎಫ್‌ಎಸ್0 ದಾರಿಯಿಂದ ಆತು. 105 ಪೂರಾ ಡಿಸ್ಕ್ ಮಾಡಿ ತಂದೆ, ಟ್ಯಾಲಿಯೊಳಗ ಕಡೇ ದಿನದ ವೋಚರ್ ತನಕ ಐತಿ.

ಉಳದದ್ದು ನೆಟ್‌ವರ್ಕ್. 106, 107ಕ್ಕ ಐಪಿ ಇಲ್ಲ. 105ಕ್ಕ ಹಳೇ ಐಪಿ ಕೊಡಾಕ ಹೋದ್ರ ‘ಈ ಐಪಿ ಈಗಾಗಲೇ ಬ್ಯಾರೆ ಅಡಾಪ್ಟರಿಗೆ ಐತಿ’ ಅಂತೈತಿ. ಬ್ಯಾರೆ ಅಡಾಪ್ಟರ್ ಎಲ್ಲೂ ಕಾಣವಲ್ದು.

---

ಬ್ಯಾಡಗಿ_ಕಡ್ಡಿ

105ರಾಗ ಹಳೇ ವಿಎಂವೇರ್ ಕಾರ್ಡಿನ ದೆವ್ವ ಉಳಕೊಂಡೈತಿ. ಡಿವೈಸ್ ಮ್ಯಾನೇಜರ್, ವ್ಯೂ, ‘ಶೋ ಹಿಡನ್ ಡಿವೈಸಸ್’. ನೆಟ್‌ವರ್ಕ್ ಅಡಾಪ್ಟರ್ ಕೆಳಗ ಮಬ್ಬಾಗಿ ಕಾಣೋದನ್ನ ಅನ್‌ಇನ್‌ಸ್ಟಾಲ್ ಮಾಡಿ ಐಪಿ ಕೊಡ್ರಿ.

ಲಿನಕ್ಸ್ ಎರಡರಾಗ ಕಾರ್ಡಿನ ಹೆಸರು ಬದಲಾಗೈತಿ. ವಿಎಂವೇರಿನ್ಯಾಗ ಇಎನ್‌ಎಸ್192 ಇದ್ದದ್ದು ಇಲ್ಲಿ ಇಎನ್‌ಎಸ್18 ಆಗಿರಬೇಕು, ‘ಐಪಿ ಲಿಂಕ್’ ಕೊಟ್ಟು ನೋಡಿಕೊಳ್ರಿ. ಡೆಬಿಯನ್‌ಗೆ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್‌ನಾಗ ಹೆಸರು ತಿದ್ದಿದ್ರ ಆತು. ಸೆಂಟ್‌ಓಎಸ್‌ನಾಗ ಐಎಫ್‌ಸಿಎಫ್‌ಜಿ-ಇಎನ್‌ಎಸ್192 ಫೈಲಿನ ಹೆಸರು, ಒಳಗ ನೇಮ್, ಡಿವೈಸ್ ಎರಡು ಸಾಲು. ಎಚ್‌ಡಬ್ಲ್ಯುಎಡಿಡಿಆರ್ ಸಾಲು ಇದ್ರ ಕಿತ್ತ ಒಗೀರಿ. ಕಾಟಾದ ಸಾಫ್ಟ್‌ವೇರ್ ಮ್ಯಾಕ್ ವಿಳಾಸಕ್ಕ ಲೈಸೆನ್ಸ್ ಕಟ್ಟಿದ್ರ ಅವರು ಕೊಟ್ಟ ಮ್ಯಾಕನ್ನ ಪ್ರಾಕ್ಸ್‌ಮಾಕ್ಸ್‌ನ ನೆಟ್‌ವರ್ಕ್ ಡಿವೈಸ್‌ನಾಗ ಕೈಯಿಂದ ಹಾಕ್ರಿ.

ಇನ್ನೊಂದು. ಹಳೇ ಇಎಸ್‌ಎಕ್ಸ್‌ಐದಾಗ ಆಟೋಸ್ಟಾರ್ಟ್ ಚಾಲೂ ಇದ್ರ ಕರೆಂಟ್ ಹೋಗಿ ಬಂದಾಗ ಹಳೇ ಮೂರೂ ವಿಎಂ ತಾವ ಎದ್ದು ಅದೇ ಐಪಿ ಹಿಡದು ಕುಂದರತಾವ. ಮಂದಿ ಅರ್ಧಾ ದಿನ ಹಳೇ ಟ್ಯಾಲಿಯೊಳಗ, ಅರ್ಧಾ ದಿನ ಹೊಸಾದರಾಗ ಎಂಟ್ರಿ ಹಾಕತಾರ. ಆಟೋಸ್ಟಾರ್ಟ್ ತಗದು ಹಳೇ ಸರ್ವರಿನ ನೆಟ್‌ವರ್ಕ್ ಕೇಬಲ್ ಬಿಚ್ಚಿ ಇಡ್ರಿ. ಡಿಸ್ಕ್ ಮಾತ್ರ ಒಂದು ತಿಂಗಳು ಅಳಸಬ್ಯಾಡ್ರಿ.

---

ಅಮರಗೋಳ_ಅಡ್ಮಿನ್

ದೆವ್ವ ಸಿಕ್ತು, ತಗದೆ. ಎಚ್‌ಡಬ್ಲ್ಯುಎಡಿಡಿಆರ್ ಸಾಲೂ ಇತ್ತು. ಮೂರಕ್ಕೂ ಪಿಂಗ್ ಹೋಗತೈತಿ. ಹಳೇದರ ಕೇಬಲ್ ಬಿಚ್ಚಿ ಅದರ ಮ್ಯಾಲೇ ಚೀಟಿ ಅಂಟಿಸೀನಿ, ಯಾರೂ ಚುಚ್ಚಬಾರದು ಅಂತ.